ಎಂಟುನೂರು ಕುದುರೆಯ ಬೀಗರು

ನಮ್ಮ ಹತ್ತಿರ ಇಲ್ಲದ ವಸ್ತುವಿನ ಬಗ್ಗೆ ಜಗಳಾಡುವ ಸುಖ, ಇರುವ ವಸ್ತುವಿನ ಬಗ್ಗೆ ಜಗಳಾಡುವುದರಲ್ಲಿ ಇಲ್ಲ. ಇರುವ ವಸ್ತು ಯಾವಾಗಲೂ ಅಡ್ಡ ಬರುತ್ತದೆ. ನನ್ನ ಸ್ಕೂಟರಿನ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳೋಣವೆಂದರೆ ಅದು ನನ್ನ ಅಂಗಡಿಯೆದುರೇ ಸ್ಟಾರ್ಟ್ ಆಗದೆ ನಿಂತು ಗಿರಾಕಿಗಳ ಮುಂದೆ ಮರ್ಯಾದೆ ತೆಗೆಯುತ್ತದೆ. ಅಮೆರಿಕದ ಮಸಲ್ ಕಾರು ಹಾಗಲ್ಲ. ಉದ್ದ ಮೂತಿಯ, ಅಗಲ ಸೊಂಟದ, ಗೂಳಿಯ ಹಾಗೆ ಗುಟುರು ಹಾಕುವ ಆ ಕಾರನ್ನು ನಾನು ನಮ್ಮ ಹಳದೀಪುರದಲ್ಲಿ ಕಂಡಿಲ್ಲ, ಕುಮಟೆಯಲ್ಲಿ ಕಂಡಿಲ್ಲ, ಅಮೆರಿಕಕ್ಕಂತೂ ಹೋಗಿಯೇ ಇಲ್ಲ. ಕಂಡದ್ದೆಲ್ಲ ಮೊಬೈಲಿನಲ್ಲಿ. ಹಾಗಾಗಿ ಅದರ ಬಗ್ಗೆ ನನ್ನ ಅಭಿಪ್ರಾಯ ಬಹಳ ಗಟ್ಟಿ. ಅಂದ ಹಾಗೆ, ನನಗೆ ಕಾರು ಓಡಿಸಲು ಬರುವುದಿಲ್ಲ. ಈಗಲೇ ಹೇಳಿಬಿಟ್ಟೆ, ನೀವು ಅದನ್ನು ನನ್ನ ಹೆಂಡತಿಯ ಬಾಯಿಂದ ಕೇಳುವುದು ಬೇಡ.

ನನ್ನಂಥ ಹುಚ್ಚರು ಈ ಕಡೆ ಕಡಿಮೆಯೇನಲ್ಲ. ಭಟ್ಕಳದಿಂದ ಕುಮಟೆಯವರೆಗಿನವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದೇವೆ. ಅಂಥ ಕಾರು ಇರುವ ಸದಸ್ಯ ಒಬ್ಬನೂ ಇಲ್ಲ. ಭಟ್ಕಳದವರೊಬ್ಬರು ದುಬೈನಲ್ಲಿದ್ದಾಗ ಅಂಥದ್ದೊಂದರ ಬಾಗಿಲು ಮುಟ್ಟಿ ಬಂದಿದ್ದಾರೆ. ಅವರನ್ನು ನಾವೆಲ್ಲ ದೊಡ್ಡ ಯಾತ್ರೆ ಮುಗಿಸಿ ಬಂದವರ ಹಾಗೆ ಗೌರವಿಸುತ್ತೇವೆ. ಗ್ರೂಪಿನಲ್ಲಿ ಎರಡು ಪಕ್ಷ. ನಮ್ಮದು ಹಳೆ ಕಾರಿನ ಪಕ್ಷ: ಮಿಣಮಿಣ ಮಿಂಚುವ ಬಂಪರು, ಕಾರ್ಬುರೇಟರು, ಸ್ಕ್ರೂಡ್ರೈವರ್ ಒಂದಿದ್ದರೆ ದಾರಿಯಲ್ಲೇ ರಿಪೇರಿ. ಇನ್ನೊಂದು ಹೊಸ ಕಾರಿನ ಪಕ್ಷ: ಏಳುನೂರು, ಎಂಟುನೂರು ಕುದುರೆಗಳ ಶಕ್ತಿ, ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವ ವೇಗ. ನಿಜವಾದ ಹೆಸರಿನಲ್ಲಿ ಬೈದಾಡಿದರೆ ಮರುದಿನ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮುಖಾಮುಖಿ ಆಗಬೇಕಲ್ಲ, ಅದಕ್ಕೆ ಎಲ್ಲರೂ ಅಡ್ಡಹೆಸರು ಇಟ್ಟುಕೊಂಡಿದ್ದಾರೆ. ನನ್ನದು 'ಹಳೇ ಗುಂಡಿಗೆ'.

ನನ್ನ ಪರಮ ವೈರಿಯ ಹೆಸರು 'ಎಂಟುನೂರು ಕುದುರೆ'. ಆ ಮನುಷ್ಯನ ಒಂದೊಂದು ಮಾತಿಗೂ ನನ್ನ ಮೈ ಉರಿಯುತ್ತಿತ್ತು. "ನಿಮ್ಮ ಹಳೆ ಕಾರಿಗೆ ಹೊನ್ನಾವರದಲ್ಲಿ ಬ್ರೇಕ್ ಒತ್ತಿದರೆ ಹಳದೀಪುರದಲ್ಲಿ ನಿಲ್ಲುತ್ತದೆ" ಎಂದು ಅವನು. "ನಿಮ್ಮ ಹೊಸ ಕಾರನ್ನು ಓಡಿಸುವುದು ಕಂಪ್ಯೂಟರು, ನೀವು ಒಳಗೆ ಕೂತ ಕುಂಬಳಕಾಯಿ" ಎಂದು ನಾನು. "ಅದು ಕಾರಲ್ಲ, ಹೊಗೆ ಬಿಡುವ ಒಲೆ" ಎಂದು ಅವನು. "ನಿಮ್ಮದರ ಗುಟುರು ಸ್ಪೀಕರಿನಿಂದ ಬರುತ್ತದೆ, ಮದುವೆಮನೆಯ ಮೈಕಿನ ಹಾಗೆ" ಎಂದು ನಾನು. ನನ್ನ ಹೆಬ್ಬೆರಳು ದಪ್ಪ, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಆದ್ದರಿಂದ ಊಟವಾದ ಮೇಲೆ ನಾನು ಹೇಳುವುದು, ಮಗಳು ನಮಿತಾ ನನ್ನ ಮೊಬೈಲಿನಲ್ಲಿ ಟೈಪ್ ಮಾಡುವುದು, ಅವನ ಉತ್ತರ ಬಂದರೆ ಓದಿ ಹೇಳುವುದು. ಎಷ್ಟು ಬೈದರೂ ಬೇಸರವಿಲ್ಲದೆ, ನಗುನಗುತ್ತ ಟೈಪ್ ಮಾಡುತ್ತಿದ್ದಳು. ಇಂಥ ಮಗಳು ಯಾರಿಗುಂಟು ಎಂದು ನಾನು ಬೀಗುತ್ತಿದ್ದೆ.

ಹೀಗಿರುವಾಗ ಒಂದು ದಿನ ಆ ಮಗಳೇ ತಾನು ಮೆಚ್ಚಿದ ಹುಡುಗನೊಬ್ಬ ಇದ್ದಾನೆ ಎಂದಳು. ಹೆಸರು ಪ್ರದೀಪ. ಹೊನ್ನಾವರದ ಹತ್ತಿರದ ಕಾಸರಕೋಡದವನು. ತಂದೆಗೆ ಮೀನುಗಾರಿಕೆ ಬೋಟಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಹೇಗೆ ಪರಿಚಯ ಎಂದರೆ "ಹೀಂಗೇ ಫೋನಲ್ಲಿ" ಎಂದಳು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು ಎಂದು ನನ್ನ ಹೆಂಡತಿ ಆಗಲೇ ವಿಚಾರಿಸಿ ಮುಗಿಸಿದ್ದಳು. ಭಾನುವಾರ ಅವರು ಮನೆಗೆ ಬರುವುದೆಂದಾಯಿತು. ಶನಿವಾರ ಮಗಳು ನನ್ನ ಎದುರು ಕೂತು ಕೈ ಹಿಡಿದುಕೊಂಡಳು. "ಅಪ್ಪಾ, ನಾಳೆ ಎಂತ ಬೇಕಾದ್ರೂ ಮಾತಾಡು. ಕಾರಿನ ಸುದ್ದಿ ಮಾತ್ರ ತೆಗೆಯೂಕಿಲ್ಲ. ನನ್ನಾಣೆ." ಅವಳ ಕಣ್ಣಲ್ಲಿ ನೀರಿತ್ತು. ಮಗಳ ಬಾಳಿನ ಪ್ರಶ್ನೆ ಮಾರಾಯ್ರೆ. "ಆತು" ಎಂದೆ.

ಭಾನುವಾರ ಹುಡುಗ, ಅವನ ತಂದೆ, ತಾಯಿ ಮೂವರೂ ಬಂದರು. ಹುಡುಗನ ತಂದೆ ದಯಾನಂದರು ಎತ್ತರದ ಆಳು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಎಂಜಿನ್ ಆಯಿಲ್ಲಿನ ಕಪ್ಪು. ನೋಡಿದ ಕೂಡಲೇ ಇಷ್ಟವಾದರು. ಆದರೆ ಇಬ್ಬರಿಗೂ ಮಾತೇ ಹೊರಡುತ್ತಿಲ್ಲ! ಸೆಕೆ ಜಾಸ್ತಿ ಎಂದೆ. ಹೌದು, ಜಾಸ್ತಿ ಎಂದರು. ಈಗ ಬಂಗಡೆ ಮೀನು ಸಿಗುವುದಿಲ್ಲ ಎಂದರು. ಹೌದು, ಸಿಗುವುದಿಲ್ಲ ಎಂದೆ. ಶಿರಾ ಬಂತು, ತಿಂದೆವು. ಅವರೂ ನನ್ನ ಹಾಗೆಯೇ ಏನನ್ನೋ ನುಂಗಿಕೊಂಡು ಕೂತ ಹಾಗಿತ್ತು. ಪ್ರದೀಪ ತಂದೆಯನ್ನೇ ನೋಡುತ್ತಿದ್ದ, ನಮಿತಾ ನನ್ನನ್ನೇ. ಅಷ್ಟರಲ್ಲಿ ಹೈವೇ ಮೇಲೆ ಯಾವನೋ ಪುಣ್ಯಾತ್ಮ ಸೈಲೆನ್ಸರ್ ತೂತಾದ ಹಳೆ ಜೀಪೊಂದನ್ನು ಗುಡುಗುಡು ಎನ್ನಿಸುತ್ತ ಓಡಿಸಿಕೊಂಡು ಹೋದ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಆಹಾ! ಎಂಜಿನ್ ಅಂದ್ರೆ ಇದು. ಜೀವ ಅದೆ, ಅದಕ್ಕೇ ಮಾತಾಡ್ತದೆ!"

"ಎಂತಾ ಜೀವ ಮಾರಾಯ್ರೆ?" ದಯಾನಂದರು ತಟ್ಟೆ ಕುಕ್ಕಿದರು. "ಅದು ಗಾಡಿಯಾ? ಹೊಗೆ ಬಿಡೂ ಒಲೆ!"

"ಎಂಟುನೂರು ಕುದುರೆ?" ಎಂದೆ. "ಹಳೇ ಗುಂಡಿಗೆ?" ಎಂದರು. "ನನ್ನನ್ನು ಕುಂಬಳಕಾಯಿ ಅಂದದ್ದು ನೀವೇಯಾ!" ಎಂದು ಎದ್ದುನಿಂತರು. "ಮತ್ತೆ ಅಲ್ದಾ!" ಎಂದು ನಾನೂ ಎದ್ದೆ. "ಪ್ರದೀಪಾ, ಏಳು, ಮನೆಗೆ ಹೋಗ್ವಾ" ಎಂದು ಅವರು ಬಾಗಿಲಿನತ್ತ ತಿರುಗಿಯೇಬಿಟ್ಟರು. ನಮಿತಾಳ ಮುಖ ನೋಡಿದೆ. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನ್ನಿಸಿತು. ಸತ್ಯವಾಗಿ ಹೇಳುತ್ತೇನೆ, ಆ ಕ್ಷಣ ಯಾರಾದರೂ ಕೇಳಿದ್ದರೆ ಜಗತ್ತಿನ ಹಳೆ ಕಾರುಗಳನ್ನೆಲ್ಲ ಗುಜರಿಗೆ ಹಾಕಲು ಒಪ್ಪುತ್ತಿದ್ದೆ.

ಪ್ರದೀಪ ಕೂತಲ್ಲಿಂದ ಏಳಲಿಲ್ಲ. "ಅಪ್ಪಾ, ನಿಂಗೆ ಕೈತುಂಬ ಆಯಿಲ್ಲು ಅಂತ ಅಷ್ಟೂ ಬೈಗುಳ ಟೈಪ್ ಮಾಡಿದ್ದು ನಾನು. ಪ್ರತಿ ಸಲ ಕಳಿಸಿದ ಮೇಲೆ ಹಳೇ ಗುಂಡಿಗೆಯ ನಂಬರಿಗೆ ಬೇರೆ ಮೆಸೇಜು ಹಾಕಿ ಕ್ಷಮೆ ಕೇಳ್ತಿದ್ದೆ" ಎಂದ. "ನಾನೂ ಕೇಳ್ತಿದ್ದೆ, ಅಪ್ಪ ನೋಡೂಕಿಲ್ಲ ಅಂತ ಆಮೇಲೆ ಅಳಿಸ್ತಿದ್ದೆ" ಎಂದಳು ನಮಿತಾ, "ಹಾಂಗೇ ಪರಿಚಯ ಆದದ್ದು. ನೀವು ಜಗಳ ಮಾಡದೇ ಇದ್ರೆ ನಂಗೆ ಇವನು ಸಿಗ್ತಲೇ ಇರ್ಲಿಲ್ಲ."

ದಯಾನಂದರು ನನ್ನನ್ನು ನೋಡಿದರು, ನಾನು ಅವರನ್ನು. ಅವರ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ನಗು ಹೊರಗೆ ಬಂತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕು ಅಕ್ಕಪಕ್ಕ ಕೂತೆವು. "ಅದೆಲ್ಲ ಸರಿ ಬೀಗರೆ, ಆದ್ರೂ ಕಾರ್ಬುರೇಟರ್ ಅಂಬುದು..." ಎಂದು ಅವರೇ ಶುರು ಮಾಡಿದರು. ನಮ್ಮ ಚರ್ಚೆ ಮುಗಿದು ತಲೆಯೆತ್ತುವಷ್ಟರಲ್ಲಿ ಹೆಂಗಸರು ಒಳಗೆ ನಿಶ್ಚಿತಾರ್ಥದ ದಿನ ಗೊತ್ತುಮಾಡಿ, ಎರಡನೇ ಚಹಾ ಕುಡಿದು ಲೋಟ ತೊಳೆದಿಟ್ಟಿದ್ದರು. "ಇಬ್ಬರಲ್ಲಿ ಒಬ್ಬರಿಗಾದ್ರೂ ಕಾರು ಓಡಿಸೂಕೆ ಬತ್ತದ್ಯಾ?" ಎಂದು ನನ್ನ ಹೆಂಡತಿ ಕೇಳಿದಳು. ಬರುವುದಿಲ್ಲ ಎಂದು ಬೀಗಿತ್ತಿ ಒಳಗಿಂದಲೇ ಹೇಳಿದರು.

ಮದುವೆಯಾಯಿತು, ಮಗಳು ಕಾಸರಕೋಡಕ್ಕೆ ಹೋದಳು. ಮನೆ ಭಣಭಣ ಎನ್ನತೊಡಗಿತು. ಮೊನ್ನೆ ಬೆಳಿಗ್ಗೆ ತಡೆಯಲಾರದೆ ನನ್ನದೇ ಹೆಬ್ಬೆರಳಿನಿಂದ ಹೆಣಗಾಡಿ ಗ್ರೂಪಿಗೆ ಒಂದು ಸಾಲು ಹಾಕಿದೆ: "ಹಳೆ ಎಂಜಿನ್ನಿನ ಬಿಸಿಯೇ ಬೇರೆ." ಎಂಟುನೂರು ಕುದುರೆಯಿಂದ ಕೂಡಲೇ ಉತ್ತರ ಬಂತು: "ಬಚ್ಚಲ ಹಂಡೆಗೆ ಬೆಂಕಿ ಹಾಕಲು ಹೋಗಿ ಅರ್ಧ ಮೀಸೆ ಸುಟ್ಟುಕೊಂಡವರು ಎಂಜಿನ್ನಿನ ಬಿಸಿಯ ಬಗ್ಗೆ ಮಾತಾಡಬಾರದು." ಭಟ್ಕಳದಿಂದ ಕುಮಟೆಯವರೆಗೆ ಗ್ರೂಪಿಗೆ ಗ್ರೂಪೇ ಬಿದ್ದು ಬಿದ್ದು ನಕ್ಕಿತು. ಆ ಮೀಸೆಯ ಕಥೆ ನಮ್ಮ ಮನೆಯ ಮೂವರಿಗಲ್ಲದೆ ಹೊರಗಿನ ನರಪಿಳ್ಳೆಗೂ ಗೊತ್ತಿರಲಿಲ್ಲ. ಈಗ ಅಲ್ಲಿ ಟೈಪ್ ಮಾಡುತ್ತಿರುವುದು ಯಾರೆಂದು ಅರ್ಥವಾಯಿತು. ಇರಲಿ, ಕ್ಷಮೆ ಕೇಳುವ ಬೇರೆ ಮೆಸೇಜು ಬಂದೇ ಬರುತ್ತದೆ ಎಂದು ಅಂಗಡಿಯಲ್ಲಿ ಮೊಬೈಲು ಹಿಡಿದುಕೊಂಡೇ ಕೂತೆ.

ಮಧ್ಯಾಹ್ನ ಬಂತು. "ಅಪ್ಪಾ, ಪಾಪ ಮಾವನ್ನ ಬೈಬೇಡ. ಅವರು ಹೇಳಿದ್ದು 'ಮಾತಾಡಬಾರದು' ಅಂತ ಅಷ್ಟೇ. ಮೀಸೆ ನಾನು ಸೇರಿಸಿದ್ದು."