ಸಾಹೇಬರಿಗೆ ಮೀಸಲಿಟ್ಟ ಟಾಯ್ಲೆಟ್

"ಇನ್ನು ಈ ಮನೇಲಿ ಒಂದೋ ಆ ವಾಸನೆ ಇರಬೇಕು, ಇಲ್ಲಾ ನಾನಿರಬೇಕು!" ಎಂದು ಮೂಗುರಾಯರು ನಡುಮನೆಯಲ್ಲಿ ನಿಂತು ಗರ್ಜಿಸಿದರು.

"ಸದ್ಯಕ್ಕೆ ಇಬ್ಬರೂ ಇದ್ದೀರಿ," ಎಂದಳು ಹೆಂಡತಿ, ಟವೆಲಿನಿಂದ ಮೂಗು ಮುಚ್ಚಿಕೊಂಡು.

ಮೂಗುರಾಯರೆಂದರೆ ಸಾಮಾನ್ಯರಲ್ಲ! ಸೋಪಿನ ಫ್ಯಾಕ್ಟರಿಯಲ್ಲಿ ವಾಸನೆ ನೋಡುವುದೇ ಅವರ ಉದ್ಯೋಗ. ಅವರು ಮೂಸಿ ಹೂಂಗುಟ್ಟದೆ ಒಂದು ಸೋಪೂ ಪೆಟ್ಟಿಗೆ ಸೇರುವಂತಿರಲಿಲ್ಲ. ಈಗ ಆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದಿತ್ತು. "ಬರೋ ತಿಂಗಳು ನಿಮ್ಮನೆಗೆ ಕಾಫಿಗೆ ಬರ್ತೀನಿ, ಆ ಕುರ್ಚಿ ವಿಷಯ ಅಲ್ಲೇ ಮಾತಾಡೋಣ," ಎಂದು ಮ್ಯಾನೇಜರ್ ಸಾಹೇಬರು ಹೇಳಿದ್ದೇ ತಡ, ರಾಯರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ಅಂದೇ ಸಿದ್ಧತೆ ಶುರು. ನಡುಮನೆಯ ಪಕ್ಕದ ಟಾಯ್ಲೆಟ್ಟನ್ನು ತಿಕ್ಕಿದರು, ತೊಳೆದರು, ಕನ್ನಡಿಯ ಹಾಗೆ ಒರೆಸಿದರು. ಅಷ್ಟಕ್ಕೂ ಸಮಾಧಾನವಾಗದೆ ನೆಲದ ಜಾಲರಿ ಎತ್ತಿ, ಅದರ ಕೆಳಗೆ ನಿಂತಿದ್ದ ನೀರನ್ನೂ ಸ್ಪಂಜಿನಲ್ಲಿ ಹೀರಿ ತೆಗೆದು, ಬಾಗಿಲಿಗೆ ಬೀಗ ಜಡಿದರು.

"ಸಾಹೇಬರ ಪಾದ ಬೀಳೋವರೆಗೆ ಇದರೊಳಗೆ ಒಂದು ನರಪಿಳ್ಳೆಯೂ ಕಾಲಿಡಕೂಡದು!"

ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತಿ ಮಹಡಿಯ ಟಾಯ್ಲೆಟ್ಟಿಗೆ ಹೋಗುವಂತಾಯಿತು. "ಅಲ್ಲಾ ಅಳಿಯಂದ್ರೇ, ಸಾಹೇಬ್ರು ಬರೋದು ಕಾಫಿ ಕುಡಿಯೋಕೆ ಅಂದಿದ್ರಲ್ಲ?" ಎಂದು ಕೇಳಿ ಏದುಸಿರು ಬಿಡುತ್ತಾ ಹತ್ತಿದರು.

ಕೆಲವು ದಿನ ಕಳೆದವು. ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಆ ವಾಸನೆ ಹೊರಟಿತು! ಯಾರೂ ಬಳಸದ, ಹನಿ ನೀರೂ ಬೀಳದ, ಇಡೀ ಬೀದಿಯಲ್ಲೇ ಅತಿ ಶುಭ್ರವಾದ ಟಾಯ್ಲೆಟ್ಟಿನಿಂದ! ರಾಯರು ಬೀಗ ತೆಗೆದು ಮೂಲೆ ಮೂಲೆ ಮೂಸಿ, ಮೊದಲ ಆರೋಪಿಯನ್ನು ಹಿಡಿದರು.

"ಅತ್ತೆಯವರೇ, ಇದು ನಿಮ್ಮ ಮಂಡಿ ಎಣ್ಣೆ ವಾಸನೆ."

"ನನ್ನ ಮಂಡಿ ದಿನಾ ಮಹಡಿ ಹತ್ತುತ್ತಾ ಇದೆ. ಅದರ ವಾಸನೆ ನಿಮ್ಮ ಬೀಗದೊಳಗೆ ಹೇಗೆ ಬರತ್ತೆ?"

ಎರಡನೇ ಆರೋಪಿ ಪಕ್ಕದ ಮನೆ. ಅಲ್ಲಿಂದ ಗಾಳಿ ಬಾರದಂತೆ ರಾಯರು ಕಿಟಕಿಗೆ ಟೇಪು ಮೆತ್ತಿದರು. ವಾಸನೆಗೆ ಹೊರಹೋಗುವ ದಾರಿಯೂ ತಪ್ಪಿತು, ಅದು ನಡುಮನೆಯಲ್ಲೇ ಠಿಕಾಣಿ ಹೂಡಿತು. ಮೂರನೆಯದು ಸತ್ತ ಇಲಿ. ಇಲಿ ಹುಡುಕಲು ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿದರು. ಅದು ಕೈಜಾರಿ ಕಮೋಡಿನ ಸೀಟಿನ ಮೇಲೆ ಬಿತ್ತು. ಸೀಟು ಎರಡು ಹೋಳು! ಹೆಂಡತಿಗೆ ಗೊತ್ತಾಗುವ ಮೊದಲೇ ಅಂಟಿಸಿಬಿಡೋಣ ಎಂದು ಗಟ್ಟಿ ಅಂಟು ತಂದು ಸುರಿದು ಅಂಗೈಯಲ್ಲಿ ಒತ್ತಿ ಹಿಡಿದರು. ಅಂಟು ಅಪ್ಪಟ ಮಾಲು. ಸೀಟಿಗೆ ಸೀಟು ಅಂಟಿತು, ಅದಕ್ಕೆ ರಾಯರೂ ಅಂಟಿದರು.

"ಏನ್ರೀ ಇದು! ಬಿಡ್ರೀ ಅದನ್ನ!"

"ನಾನು ಯಾವಾಗಲೋ ಬಿಟ್ಟೆ ಕಣೇ! ಅದು ಬಿಡ್ತಾ ಇಲ್ಲ!"

ಸೀಟನ್ನು ಬಿಚ್ಚಿ, ರಾಯರ ಸಮೇತ ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿ ಬಿಡಿಸಬೇಕಾಯಿತು. ಆದರೂ ಛಲ ಬಿಡಲಿಲ್ಲ! ಫ್ಯಾಕ್ಟರಿಯಿಂದ ಮಲ್ಲಿಗೆ, ಗುಲಾಬಿ, ಗಂಧ ಎಂದು ಮಾದರಿ ಸೀಸೆಗಳನ್ನೆಲ್ಲ ತಂದು ಗೋಡೆಗೆ ಎರಚಿದರು. ಈಗ ಗಟಾರ ಮಲ್ಲಿಗೆ ಮುಡಿದುಕೊಂಡು ಬಂದಂತಾಯಿತು. ಸಾಹೇಬರು ಬರುವ ಭಾನುವಾರ ಬೆಳಿಗ್ಗೆ ರಾಯರು ಉಸಿರೆಳೆದು ಕುಣಿದಾಡಿದರು.

"ಹೋಯ್ತು! ವಾಸನೆ ಸತ್ತೇಹೋಯ್ತು!"

"ಸತ್ತಿರೋದು ನಿಮ್ಮ ಮೂಗು!" ಎಂದು ಹೆಂಡತಿ ತಲೆ ಚಚ್ಚಿಕೊಂಡಳು.

ಸಾಹೇಬರು ಬಂದರು, ಕಾಫಿ ಕುಡಿದರು, ಕೈ ತೊಳೆಯಬೇಕೆಂದರು. ರಾಯರು ಹೆಮ್ಮೆಯಿಂದ ಬೀಗ ತೆಗೆದರು. ಒಳಹೋದ ಸಾಹೇಬರು ಹೋದಷ್ಟೇ ವೇಗದಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಬಂದರು. ಕೆಮ್ಮು ನಿಂತ ಮೇಲೆ ಚೀಲದಿಂದ ಒಂದು ಸೋಪು ತೆಗೆದು ರಾಯರ ಕೈಗಿಟ್ಟರು.

"ಇದರ ಪರಿಮಳ ಹೇಗಿದೆ ಹೇಳಿ."

ರಾಯರು ಸೋಪನ್ನು ಮೂಗಿಗೊತ್ತಿ ಮೂಸಿದರು. ಮೂಗಿಗೆ ಏನೂ ತಾಗಲಿಲ್ಲ! ಕುರ್ಚಿಯನ್ನು ನೆನೆದು ಕಣ್ಣುಮುಚ್ಚಿ, "ಆಹಾ! ಅಪ್ಪಟ ಮಲ್ಲಿಗೆ ಸಾರ್!" ಎಂದರು.

"ಅದಕ್ಕಿನ್ನೂ ಪರಿಮಳವನ್ನೇ ಹಾಕಿಲ್ಲ ರೀ!"

ಅಷ್ಟರಲ್ಲಿ ಟಾಯ್ಲೆಟ್ಟಿನೊಳಗಿಂದ ಧಬಧಬ ನೀರು ಸುರಿವ ಸದ್ದು ಕೇಳಿತು. ಬೀಗ ತೆಗೆದದ್ದೇ ಭಾಗ್ಯವೆಂದು ಅತ್ತೆ ಒಳಗೆ ನುಗ್ಗಿದ್ದರು. ಕಿಟಕಿಯ ಟೇಪು ಪರಪರ ಕಿತ್ತ ಸದ್ದೂ ಬಂತು. ಅವರು ಆರಾಮಾಗಿ ಹೊರಬರುವಷ್ಟರಲ್ಲಿ ಗಾಳಿ ತಿಳಿಯಾಗತೊಡಗಿತ್ತು. ಸಾಹೇಬರು ಬೆರಗಾಗಿ ಉಸಿರೆಳೆದರು.

"ಏನು ಮಾಡಿದ್ರಿ ಅಮ್ಮಾ?"

"ಏನಿಲ್ಲ, ನೀರು ಸುರಿದೆ. ಜಾಲರಿ ಕೆಳಗೆ ನೀರು ನಿಂತಿದ್ರೆ ಅದು ಗಟಾರದ ವಾಸನೇನ ತಡೆಯತ್ತೆ. ಇವರು ಅದನ್ನೇ ಒಣಗಿಸಿ ಕೂತಿದ್ರು."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?" ರಾಯರಿಗೆ ಅಳುವೇ ಬಂತು.

"ನೀವು ನನ್ನ ಮಂಡೀನ ಮೂಸಿದ್ರಿ. ನನ್ನನ್ನ ಎಲ್ಲಿ ಕೇಳಿದ್ರಿ?"

ಸಾಹೇಬರು ನಗು ತಡೆಯಲಾರದೆ, "ಅಮ್ಮಾ, ನಮ್ಮಲ್ಲಿ ಮುಖ್ಯಸ್ಥರ ಕುರ್ಚಿ ಖಾಲಿ ಇದೆ. ಬರ್ತೀರಾ?" ಎಂದರು.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಬರ್ತೀನಪ್ಪಾ. ಆದರೆ ಅಳಿಯಂದ್ರನ್ನ ನನ್ನ ಕೈಕೆಳಗೆ ಮಾತ್ರ ಹಾಕಬೇಡಿ. ಮನೇಲಿ ಇವರ ಮಾನ ಕಾಯೋದ್ರಲ್ಲೇ ನಂಗೆ ಸಾಕುಸಾಕಾಗಿದೆ!"