ಮುಚ್ಚಿದ ಬಾಗಿಲಿನ ಸಂದರ್ಶನ

ಇನ್ನೆರಡು ವರ್ಷದೊಳಗೆ ಹೆಡ್ಮಾಸ್ಟರ ಕುರ್ಚಿಯಲ್ಲಿ ಕೂರದಿದ್ದರೆ ತನ್ನ ಹೆಸರು ಲತೀಶನೇ ಅಲ್ಲ ಎಂದು ಪಂಜದ ಲತೀಶ ಘೋಷಿಸಿದ್ದು ಊಟದ ಹೊತ್ತಿನಲ್ಲಿ. ಈ ಐತಿಹಾಸಿಕ ಘೋಷಣೆಗೆ ಸಾಕ್ಷಿಯಾಗಿ ಇದ್ದವರು ಹೆಂಡತಿ ಭವಿತಾ ಮತ್ತು ಅವ್ವ ಕುಮುದಿನಿ. ಇಬ್ಬರೂ ಬಂಗುಡೆ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದರು.

ಘೋಷಣೆಗೆ ಕಾರಣವಿತ್ತು. ಅವನು ಕಲಿಸುತ್ತಿದ್ದ ಖಾಸಗಿ ಪ್ರೌಢಶಾಲೆಯ ಹೆಡ್ಮಾಸ್ಟ್ರು ನಿವೃತ್ತಿಯ ಅಂಚಿನಲ್ಲಿದ್ದರು. "ಶೈಕ್ಷಣಿಕ ನಾಯಕತ್ವ ಅಂತ ಎಂ.ಎ. ಉಂಟಲ್ಲ, ಅದು ಮಾಡಿದ್ರೆ ಕುರ್ಚಿ ನಿಮಗೆ. ಇಲ್ಲದಿದ್ರೆ ಹೊರಗಿಂದ ಜನ ತರುದು" ಎಂದು ಸಂಚಾಲಕರು ಮುಖಕ್ಕೆ ಹೇಳಿದ್ದರು. ಲತೀಶ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಗುಜರಾಯಿಸಿದ. 'ನಾನೇಕೆ ಹುಟ್ಟು ನಾಯಕ' ಎಂಬ ಪ್ರಬಂಧವನ್ನೂ ಲಗತ್ತಿಸಿದ. ಎರಡು ಕಡೆಯವರು ಅದನ್ನು ಓದಿಯೋ ಓದದೆಯೋ ವಿನಯದಿಂದ ಕೈಮುಗಿದರು. ಮೂರನೆಯವರು ಆನ್‌ಲೈನ್ ಸಂದರ್ಶನಕ್ಕೆ ಕರೆದರು. ಅದೂ ಕೈತಪ್ಪಿದರೆ ನಾಯಕತ್ವದ ಕಥೆ ಅಲ್ಲಿಗೆ ಮುಗಿಯಿತು.

"ನಾಯಕನಾದವನು ಎಲ್ಲವನ್ನೂ ಮೊದಲೇ ಯೋಚನೆ ಮಾಡಿ ಇಟ್ಟಿರ್ಬೇಕು" ಎಂದ ಲತೀಶ.

"ಮೊನ್ನೆ ಗ್ಯಾಸ್ ಬುಕ್ ಮಾಡ್ಲಿಕ್ಕೆ ಮರೆತದ್ದು ಯಾವ ನಾಯಕ?" ಎಂದಳು ಭವಿತಾ.

ಅವನು ಯೋಚಿಸದೇ ಬಿಟ್ಟದ್ದು ಒಂದೇ ಒಂದು. ಸಂದರ್ಶನದ ದಿನವೇ ಮನೆಯಲ್ಲಿ ಹಿರಿಯರಿಗೆ ಬಡಿಸುವ ದಿನ. ತೀರಿಹೋದವರಿಗೆ ವರ್ಷಕ್ಕೊಮ್ಮೆ ಮುಸ್ಸಂಜೆಯಲ್ಲಿ ಒಳಕೋಣೆಯೊಳಗೆ ದೀಪ ಹಚ್ಚಿ, ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಮನೆಮಂದಿ ಹೊರಗೆ ಸದ್ದಿಲ್ಲದೆ ಕೂರುವುದು ಅಲ್ಲಿಯ ಕ್ರಮ. ಅವರು ಉಂಡಾಯಿತು ಎಂದು ಅವ್ವನಿಗೆ ತೋರಿದ ಮೇಲೆ ಅವಳು ಕೆಮ್ಮಿ, ಬಾಗಿಲು ತಟ್ಟಿ, ತೆರೆಯುತ್ತಾಳೆ. ನಡುವೆ ತೆರೆಯುವುದೆಂದರೆ ಉಣ್ಣುವವರನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ. ಲತೀಶನ ಅಪ್ಪ ಕೂಸಪ್ಪ ಮಾಸ್ಟ್ರಿಗೂ ಈಗ ಅಲ್ಲಿಯೇ ಎಲೆ. ಏಕೋಪಾಧ್ಯಾಯ ಶಾಲೆಯೊಂದನ್ನು ಜೀವಮಾನವಿಡೀ ಒಬ್ಬರೇ ನಡೆಸಿದ ಮನುಷ್ಯ ಅವರು.

ದುರದೃಷ್ಟಕ್ಕೆ, ಆ ಮನೆಯಲ್ಲಿ ಮೊಬೈಲ್ ರೇಂಜ್ ಸಿಗುವುದೂ ಒಳಕೋಣೆಯಲ್ಲಿ ಮಾತ್ರ.

ಸಂದರ್ಶನ ಮಧ್ಯಾಹ್ನಕ್ಕಿತ್ತು. ಲತೀಶ ಕೋಟು ಹಾಕಿ, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಇಟ್ಟು ಕೂತ. 'ನಿಮ್ಮ ಸರದಿ ಬರುವವರೆಗೆ ಕಾಯಿರಿ' ಎಂದಿತು ಪರದೆ. ಕಾದ. ಬೆವರಿದ. ಕೋಟು ತೆಗೆದ, ಮತ್ತೆ ಹಾಕಿದ. ಅಷ್ಟರಲ್ಲಿ ಬೆಳಕು ಇಳಿಯಿತು. ಬಾಯಾರಿ ಬಾಯಾರಿ ಗಂಟಲು ಅಂಟಿಹೋಗಿತ್ತು. ಫೋನನ್ನೂ ಅಲ್ಲೇ ಬಿಟ್ಟು, ಒಂದು ಲೋಟ ನೀರು ಕುಡಿದು, ಹಿತ್ತಲಲ್ಲಿ ಮುಖ ತೊಳೆದು ಬರಲು ಹೋದ. ಬಂದು ನೋಡುವಾಗ ಅವ್ವ ಎಲೆಗೆ ಕೋಳಿ ಸಾರು ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಹೊಸ್ತಿಲಿನ ಎದುರು ಕೂತಿದ್ದಳು.

ಒಳಗಿನಿಂದ ಸ್ಪಷ್ಟವಾಗಿ ಒಂದು ಹೆಣ್ಣು ಧ್ವನಿ ಕೇಳಿತು. "ನಮಸ್ಕಾರ. ನಾನು ನುಸ್ರತ್, ಆಯ್ಕೆ ಸಮಿತಿಯ ಅಧ್ಯಕ್ಷೆ. ತಡವಾಯಿತು, ಕ್ಷಮಿಸಿ. ಆರಂಭಿಸೋಣವೇ?"

ಲತೀಶ ಚಿಲಕಕ್ಕೆ ಹಾರಿದ. ಅವ್ವ ಅವನ ಮಣಿಕಟ್ಟು ಹಿಡಿದಳು.

"ಅವ್ವ, ನನ್ನ ಸಂದರ್ಶನ."

"ನಿನ್ನ ಅಪ್ಪ ಊಟಕ್ಕೆ ಕೂತಿದ್ದಾರೆ."

"ಕುರ್ಚಿ ಹೋಗ್ತದೆ ಅವ್ವ."

"ಹೋಗ್ಲಿ. ಅವರು ಅರ್ಧ ಊಟದಲ್ಲಿ ಎದ್ದರೆ ನಮಗೆ ಒಳ್ಳೆದಾಗ್ಲಿಕ್ಕಿಲ್ಲ."

ಮಕ್ಕಳನ್ನು ಗದರಿಸಿ ಕೂರಿಸುವ ಲತೀಶ ಗದರಿಸಿಕೊಂಡು ಕೂತ. ಖಾಲಿ ಕೋಣೆಯನ್ನು ನೋಡಿ ಅವರು ಕರೆ ಕಡಿಯುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ಕಾದ.

ಅವರು ಕಡಿಯಲಿಲ್ಲ.

"ಮಾತು ಕೇಳದ ಶಿಕ್ಷಕರನ್ನು ಹೇಗೆ ನಿಭಾಯಿಸುತ್ತೀರಿ?" ಎಂದಿತು ಒಳಗಿನ ಧ್ವನಿ. ಆಮೇಲೆ ಮೌನ. ದೀರ್ಘ ಮೌನ. "ಹೌದಾ? ಅದು ನಮಗೆ ಹೊಳೆದೇ ಇರಲಿಲ್ಲ."

ಭವಿತಾ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು. "ಒಳಗೆ ಯಾರು?"

"ಯಾರೂ ಇಲ್ಲ."

"ಮತ್ತೆ ಅವರು ಯಾರತ್ರ ಮಾತಾಡುದು?"

ಇನ್ನೊಂದು ಪ್ರಶ್ನೆ. ಇನ್ನೊಂದು ಮೌನ. ಈ ಸಲ ಸಮಿತಿಯ ಗಂಡಸೊಬ್ಬರು ಮೆಲ್ಲಗೆ ನಕ್ಕು, "ಇದನ್ನು ಬರೆದುಕೊಳ್ಳಿ" ಎಂದರು. ಬಾಗಿಲಿನ ಅಡಿಯಿಂದ ಬರುತ್ತಿದ್ದ ದೀಪದ ಬೆಳಕು ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು, ಯಾರೋ ಅಡ್ಡ ಹಾದುಹೋದಂತೆ. ಹುಟ್ಟು ನಾಯಕ ಹೆಂಡತಿಯ ಹಿಂದಕ್ಕೆ ಸರಿದು ಕೂತ.

ಕೊನೆಗೆ ಅವ್ವ ಕೆಮ್ಮಿದಳು, ತಟ್ಟಿದಳು, ತೆರೆದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಆದರೆ ಕಿಟಕಿಯ ಕಡೆಗಿದ್ದ ಲ್ಯಾಪ್‌ಟಾಪ್ ಎಲೆಯ ಕಡೆಗೆ ಮುಖ ಮಾಡಿತ್ತು.

"ನೀನು ತಿರುಗಿಸಿದ್ದಾ ಅವ್ವ?"

"ಅದರ ಗೊಡವೆ ನನಗೆಂತಕ್ಕೆ? ನಾನು ಮುಟ್ಟಲೇ ಇಲ್ಲ."

ಸ್ಟೂಲಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಲತೀಶ ಸ್ಪೀಕರ್ ಒತ್ತಿದ. ನುಸ್ರತ್ ಮೇಡಂ.

"ಮೇಡಂ, ಕ್ಷಮಿಸಿ, ನಾನು ಸಂದರ್ಶನಕ್ಕೆ ಬರ್ಲಿಕ್ಕೆ ಆಗ್ಲಿಲ್ಲ..."

"ಪರವಾಗಿಲ್ಲ. ನೀವು ಹೊರಗಿದ್ದೀರಿ ಅಂತ ಹಿರಿಯರು ಹೇಳಿದರು. ಊಟದ ನಡುವೆ ನಾವೇ ತೊಂದರೆ ಕೊಟ್ಟೆವು."

"ಯಾವ ಹಿರಿಯರು ಮೇಡಂ?"

"ಬಿಳಿ ಶರ್ಟು, ಕುತ್ತಿಗೆಯವರೆಗೂ ಗುಂಡಿ. ಕನ್ನಡಕಕ್ಕೆ ಕಪ್ಪು ದಾರ. ನಾನು ತಪ್ಪಾಗಿ ಕೂತಿದ್ದೇನೆ ಅಂತ ನನ್ನನ್ನೇ ನೆಟ್ಟಗೆ ಕೂರಿಸಿದರು."

ಭವಿತಾ ಗೋಡೆಗೆ ಒರಗಿದಳು. ಲತೀಶನಿಗೆ ಅಪ್ಪನ ನೆನಪು ಒಮ್ಮೆಲೇ ಉಕ್ಕಿ ಬಂತು, ಹೆದರಿಕೆಯೋ ಪ್ರೀತಿಯೋ ಅವನಿಗೇ ತಿಳಿಯಲಿಲ್ಲ. ಅವ್ವ ಮಾತ್ರ ಏನೂ ಆಗದವಳಂತೆ ಫೋನಿನ ಹತ್ತಿರ ಬಗ್ಗಿದಳು.

"ಸಾರಿಗೆ ಉಪ್ಪು ಸರಿ ಉಂಟಂತಾ? ಕೇಳಿದ್ರಾ?"

"ಅದನ್ನು ಕೇಳಲಿಲ್ಲಮ್ಮಾ" ಎಂದರು ನುಸ್ರತ್ ಮೇಡಂ. "ಆದರೆ ಲತೀಶ್, ನಿಮ್ಮ ಅರ್ಜಿಯ ವಿಷಯ ಕೇಳಿದೆವು. ನಿಮ್ಮ ಪ್ರಬಂಧವನ್ನೂ ಓದಿ ಹೇಳಿದೆವು. ಇವರಿಗೆ ಸೀಟು ಕೊಡಬಹುದೇ ಅಂದೆವು."

ಲತೀಶ ಫೋನು ಎತ್ತಿಕೊಂಡ. "ಎಂತ ಹೇಳಿದ್ರು?"

"ಕೊಡಿ ಅಂದರು. ಅವನಿಗೆ ಎಂತದೂ ಗೊತ್ತಿಲ್ಲ, ಇನ್ನಾದರೂ ಕಲೀಲಿ ಅಂದರು."