ಗುಂಡುತೋಪಿಗೆ ಜನ ಬಂದದ್ದು

ಒಂಟಿಯಾಗಿ ಕೆಲಸ ಮಾಡುವವನಿಗೆ ಸಹಾಯ ಸಿಗದಿದ್ದರೂ ನಗೆಪಾಟಲು ಮಾತ್ರ ತಪ್ಪುವುದಿಲ್ಲ. ಹುಳಿಯಾರು–ತಿಪಟೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಜನ ನನ್ನ ಕಾಲು ತುಳಿದುಕೊಂಡೇ ಹತ್ತುತ್ತಿದ್ದರು. ರಿಟೈರ್ ಆದೆ, ಹೆಂಡತಿ ತೀರಿಕೊಂಡಳು. ಈಗ ತುಳಿಯುವವರೇ ಇಲ್ಲ. ಕಂದಿಕೆರೆ ಕಡೆಯ ನಮ್ಮೂರಿನ ಗುಂಡುತೋಪು, ಅಂದರೆ ಊರಿಗೆಲ್ಲ ಸೇರಿದ ಹಳೇ ಮರಗಳ ತೋಪು, ಮರಗಳು ಹೋಗಿ ಬರೀ ಲಂಟಾನ ಆಗಿತ್ತು. ಅದನ್ನು ಕಡಿದು ಹೊಂಗೆ, ನೇರಳೆ, ಬೇಲ, ಹಿಪ್ಪೆ ಇಡುತ್ತಾ ಬಂದೆ. ಊರಲ್ಲಿ ಒಬ್ಬರಾದರೂ ಜೊತೆಗೆ ಗುದ್ದಲಿ ಹಿಡಿಯಲಿ ಅನ್ನುವುದೊಂದೇ ನನ್ನ ಆಸೆ.

ಹಂಡೆಯ ಪುಣ್ಯ

ಬೇಸಿಗೆಯಲ್ಲಿ ಬುಡ ಒಣಗಬಾರದೆಂದು ಪ್ರತಿ ಸಸಿಯ ಸುತ್ತ ತೆಂಗಿನ ಗರಿ, ಮಟ್ಟೆ ಹೊದಿಸಿದೆ. ಬೆನ್ನು ಬಿದ್ದುಹೋಯಿತು. ಮಾರನೇ ಬೆಳಿಗ್ಗೆ ನೋಡಿದರೆ ತೋಪು ಮದುವೆ ಮನೆಯ ಅಂಗಳದ ಹಾಗೆ ಗುಡಿಸಿದೆ. ತೋಪಿನ ಎದುರುಮನೆಯಾಕೆ ತಮ್ಮ ಬಾಗಿಲಲ್ಲೇ ನಿಂತಿದ್ದರು.

"ಏನವ್ವಾ, ನನ್ನ ಮಟ್ಟೆ ಎಲ್ಲಿ?"

"ನಾನೇ ಬಳ್ಕೊಂಡ್ ಹೋದೆ ಕಣಣ್ಣ. ಪಾಪ, ಒಬ್ಬಂಟಿ ಜೀವ, ಇಷ್ಟೊಂದ್ ಕಸ ಯಾವಾಗ ಗುಡ್ಸಾರು ಅನ್ಕಂಡೆ."

"ಅದು ಕಸ ಅಲ್ಲ ಕಣವ್ವ, ಗಿಡಕ್ಕೆ ಹೊದಿಕೆ."

"ಅಂಗಾ?" ಅಂದು ತಮ್ಮ ಹಿತ್ತಲಿನ ಹೊಗೆಯತ್ತ ನೋಡಿದರು. "ಹೊದಿಕೆ ಅಂತೂ ಒಲೆಗೆ ಹೋಯ್ತು. ಹಂಡೆ ನೀರು ಚೆಂದಾಗಿ ಕಾದೈತೆ, ಒಂದ್ ಕೊಡ ತಗಂಡ್ ಹೋಗಿ, ಸ್ನಾನನಾದ್ರೂ ಮಾಡಿ."

ನನಗಾಗಿ ಯಾರಾದರೂ ನೀರು ಕಾಯಿಸಿ ವರ್ಷಗಳಾಗಿದ್ದವು. ಜಗಳ ಮಾಡಲು ಹೋದವನು ಕೊಡ ಹೊತ್ತುಕೊಂಡು ಬಂದೆ.

ಸಂದಿನಲ್ಲಿ ಬಂದ ಮಕ್ಕಳು

ಪಕ್ಕದ ತೋಟದ ಯಜಮಾನರಿಗೆ ತೆಂಗಿಲ್ಲದ ನೆಲ ಕಂಡರೆ ಸಂಕಟ. ಒಂದು ದಿನ ಹೋಗಿ ನೋಡುತ್ತೇನೆ, ನನ್ನ ಹೊಂಗೆ, ನೇರಳೆಗಳ ಸಂದಿನಲ್ಲೆಲ್ಲ ತೆಂಗಿನ ಸಸಿ! ನಮ್ಮ ಕಡೆ ತೆಂಗಿನ ಸಸಿ ಅಂದರೆ ಮನೆಯ ಮಗು. ಒಮ್ಮೆ ಇಟ್ಟದ್ದನ್ನು ಕೀಳುವುದಕ್ಕೆ ಯಾರಿಗೂ ಕೈ ಬರುವುದಿಲ್ಲ, ನನಗೂ ಬರಲಿಲ್ಲ.

"ಇದು ಕಾಡುಮರದ ತೋಪು ಸ್ವಾಮಿ. ತೆಂಗು ಯಾಕೆ?"

"ಬೋಳು ಬೋಳಾಗಿ ಕಾಣ್ತಿತ್ತು ಕಣ್ರೀ. ನೋಡಕ್ಕಾಗ್ಲಿಲ್ಲ."

"ಸರಿ, ಹಾಗಾದರೆ ದಿನಾ ಬಂದು ನೀರು ಹಾಕಿ." ಜೊತೆಗೊಬ್ಬರು ಸಿಕ್ಕರೆಂದು ಒಳಗೊಳಗೇ ಹಿಗ್ಗಿದ್ದೆ.

"ನಾನ್ಯಾಕೆ? ನೀವು ಹೆಂಗೂ ಬತ್ತೀರಲ್ಲ!"

ಆಳುದ್ದದ ಗುಂಡಿ

ಮಳೆಗಾಲಕ್ಕೆ ಮುಂಚೆ ಹೊಸ ಸಸಿ ತರಿಸಿ, ನೆಡುವುದಕ್ಕೆ ಶ್ರಮದಾನ ಅಂತ ದೇವಸ್ಥಾನದ ಮೈಕಿನಲ್ಲಿ ಕೂಗಿಸಿದೆ. ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ ಕಲಸಿಕೊಂಡು ಹೋಗಿ ಕೂತೆ. ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಇಲ್ಲ. ಬಸ್ಸಿನಲ್ಲಿ ಜನ ತುಂಬಿಸಿದವನಿಗೆ ಒಂದು ತೋಪು ತುಂಬಿಸಲಾಗಲಿಲ್ಲವಲ್ಲ ಎಂದು ಅಳು ಬಂತು. ಮಳೆನೀರು ಇಂಗಲೆಂದು ನಾನೇ ತೋಡಿದ್ದ ಆಳುದ್ದದ ಗುಂಡಿಯೊಂದಿತ್ತು. ಒಳಗೆ ಮಣ್ಣು ತಂಪಾಗಿತ್ತು. ಅದರಲ್ಲೇ ಮೈಚಾಚಿ, ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡೆ. ನಿದ್ದೆ ಹತ್ತಿತು.

ಎಚ್ಚರವಾದದ್ದು ಎದುರುಮನೆಯಾಕೆಯ ಗೋಳಿಗೆ.

"ಅಯ್ಯೋ ನಮ್ಮಣ್ಣಾ! ಯಾರ್ಗೂ ತೊಂದ್ರೆ ಬ್ಯಾಡ ಅಂತ ತಾನೇ ಗುಂಡಿ ತೋಡ್ಕಂಡು ತಾನೇ ಮಲಗ್ಬುಟ್ಟವ್ರಲ್ಲಪ್ಪೋ! ತಿಥಿ ಅನ್ನನೂ ತಾನೇ ಮಾಡಿಟ್ಟವ್ರಲ್ಲಪ್ಪೋ!"

ಟವೆಲ್ಲು ಸರಿಸಿದೆ. ಗುಂಡಿಯ ಸುತ್ತ ಊರಿಗೆ ಊರೇ ನಿಂತಿತ್ತು. ಕೈಯಲ್ಲಿ ಹಾರ, ವಿಭೂತಿ, ಗುದ್ದಲಿ, ಹಾರೆ, ಮಂಕರಿ. ನಮ್ಮೂರಲ್ಲಿ ಸಾವಿಗೆ ಯಾರೂ ಕರೆಯಬೇಕಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಲಕರಣೆ ಹಿಡಿದೇ ಬರುತ್ತಾರೆ. ನಾನು ಎದ್ದು ಕೂತ ರಭಸಕ್ಕೆ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಹಿಂದೆ ಸರಿದರು.

"ಹೆಂಗೂ ಗುದ್ದಲಿ ತಂದಿದ್ದೀರಿ," ಅಂದೆ. "ಸಸಿ ಅಲ್ಲಿವೆ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಸಂಜೆಯೊಳಗೆ ಸಸಿಗಳೆಲ್ಲ ನೆಲ ಸೇರಿದವು, ಚಿತ್ರಾನ್ನದ ಪಾತ್ರೆ ತಳ ಕಂಡಿತು, ನನಗೆ ತಂದಿದ್ದ ಹಾರ ನೇರಳೆ ಗಿಡದ ಪಾಲಾಯಿತು. ಹೊರಡುವಾಗ ತೋಟದ ಯಜಮಾನರು ಹೆಗಲ ಮೇಲೆ ಕೈಯಿಟ್ಟರು.

"ಇನ್ಮ್ಯಾಕೆ ಜನ ಬೇಕಾದ್ರೆ ಮೈಕಲ್ಲಿ ಕೂಗಿಸ್ಬೇಡಿ ಕಣ್ರೀ. ಸುಮ್ನೆ ಮಲಗ್ಬುಡಿ."

ಮಾರನೇ ಬೆಳಿಗ್ಗೆ ತೋಪಿನಲ್ಲಿ ಮತ್ತೆ ನಾನೊಬ್ಬನೇ. ನೀರು ಹಾಕಿ ಮುಗಿಸಿ ದಾರಿ ನೋಡಿದೆ, ಯಾರೂ ಇಲ್ಲ. ಗುಂಡಿ ಹಾಗೇ ಇತ್ತು, ಟವೆಲ್ಲೂ ಹೆಗಲ ಮೇಲೇ ಇತ್ತು. ಇಳಿದು ಮಲಗಿಯೇಬಿಟ್ಟೆ.